ಎಂಜಿನ್ ಹೊಸದಾಗಿ ಕಟ್ಟಿದ್ಮೇಲೆ ಸೆಲ್ಫ್ ಎಳೀತಿಲ್ಲ: ಮತ್ತೆ ಬಿಚ್ಚೋಕೆ ಮುಂಚೆ ಅಳೆದಿದ್ದೆಲ್ಲ

ಎಂಜಿನ್ ಕೆಲ್ಸ ಮುಗಿಸಿ ಗಾಡಿಗೆ ಇಳಿಸಿ, ಎಲ್ಲಾ ಜೋಡಿಸಿ ಕೀ ತಿರುಗಿಸಿದ್ರೆ ಸೆಲ್ಫ್ (ಎಂಜಿನ್ ಸ್ಟಾರ್ಟ್ ಮಾಡೋ ಮೋಟರ್) ತಿರುಗುತ್ತೆ ಆದ್ರೆ ತಿರುಗಲ್ಲ ಅನ್ನೋ ಥರ. ಪ್ರತಿ ಕಂಪ್ರೆಶನ್ (ಪಿಸ್ಟನ್ ಸಿಲಿಂಡರ್ ಒಳಗಿನ ಗಾಳಿ ಒತ್ತೋ ಘಟ್ಟ) ಹತ್ರ ಬಂದು ಒಂಚೂರು ನಿಲ್ಲೋದು, ಆಮೇಲೆ ಹೆಂಗೋ ದಾಟೋದು, ಮತ್ತೆ ಮುಂದಿನ ಸಿಲಿಂಡರ್ ಹತ್ರ ನಿಲ್ಲೋದು. ಸ್ಟಾರ್ಟ್ ಆಗೋ ಮಾತಂತೂ ದೂರ. ಈಗ ಸರಿಹೋಗಿದೆ, ಎಂಜಿನ್ ವಾಪಸ್ ಇಳಿಸ್ಲಿಲ್ಲ, ಒಳಗಡೆ ಒಂದು ನಟ್ಟೂ ಮುಟ್ಟಲಿಲ್ಲ. ಆದ್ರೆ ತೊಂದ್ರೆ ಒಂದೇ ಇರ್ಲಿಲ್ಲ, ಒಂದರ ಹಿಂದೆ ಇನ್ನೊಂದು ಅಡಗಿ ಕೂತಿತ್ತು, ಅದಕ್ಕೇ ಎಲ್ಲಾ ನಂಬರ್ ಸಮೇತ ಬರೆದಿಡ್ತಿದೀನಿ.

ಎಂಜಿನ್ ಬಗ್ಗೆ: 4 ಸಿಲಿಂಡರ್ ಪೆಟ್ರೋಲ್, ಕಾರ್ಬುರೇಟರ್, ಪಾಯಿಂಟ್ ಇರೋ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚೋದು, ಪಾಯಿಂಟ್ ಅಂದ್ರೆ ಅದರೊಳಗೆ ತೆರೆದು ಮುಚ್ಚೋ ಸ್ವಿಚ್), ಪುಶ್‌ರಾಡ್. ಬೋರ್ (ಸಿಲಿಂಡರ್ ಒಳ ಅಗಲ) 0.5 ಮಿ.ಮೀ. ಓವರ್‌ಸೈಜ್, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ಶಾಫ್ಟ್) 0.25 ಅಂಡರ್‌ಸೈಜ್, ಹೆಡ್ ಫೇಸಿಂಗ್ ಮಾಡ್ಸಿದ್ದು, ರಿಂಗು ಬೇರಿಂಗು, ವಾಲ್ವ್ ತೆರೆಯೋ ಕ್ಯಾಮು ಟ್ಯಾಪೆಟ್ಟು ಎಲ್ಲಾ ಹೊಸದು. ಬ್ಲಾಕಿಗೂ ಗೇರ್‌ಬಾಕ್ಸ್ ಬೆಲ್‌ಹೌಸಿಂಗಿಗೂ (ಎಂಜಿನ್‌ಗೆ ಅಂಟಿ ಕೂರೋ ಕವಚ) ಹೊಸ ಪೇಂಟ್. ಸೆಲ್ಫ್ ಮೋಟರ್ ಮಾತ್ರ ಹಳೇದೇ, ಹೊರಗಿಂದ ತೊಳೆದು ಕಪ್ಪು ಬಣ್ಣ ಹೊಡೆದು ಹಾಕಿದ್ದು.

ಬೇಕಾಗಿದ್ದು: ಮಾಮೂಲಿ ಡಿಜಿಟಲ್ ಮಲ್ಟಿಮೀಟರ್, ಡಿಸಿ ಕರೆಂಟ್ ತೋರಿಸೋ ಕ್ಲ್ಯಾಂಪ್ ಮೀಟರ್ (ಎಸಿ ಮಾತ್ರ ತೋರಿಸೋದು ಇಲ್ಲಿ ದಂಡ, ತಗೊಳ್ಳೋಕೆ ಮುಂಚೆ ನೋಡ್ಕೊಳ್ಳಿ), ಮುಳ್ಳು ಇರೋ ಟಾರ್ಕ್ ರೆಂಚ್, ಟೆಸ್ಟ್ ಲ್ಯಾಂಪ್, ಚಾಕ್‌ಪೀಸು, ಸ್ಲೋ ಮೋಶನ್ ವಿಡಿಯೋ ಬರೋ ಫೋನು, ವೈರ್ ಬ್ರಶ್. ಕ್ಲಿಕ್ ಅನ್ನೋ ಟಾರ್ಕ್ ರೆಂಚ್ ಆಗಲ್ಲ, ಯಾಕಂದ್ರೆ ತಿರುಗಿಸ್ತಾ ತಿರುಗಿಸ್ತಾ ಎಷ್ಟು ಬಲ ಹೋಗ್ತಿದೆ ಅಂತ ಓದ್ಬೇಕು.

1. ಮೊದಲು ಸ್ಪೀಡ್ ಎಷ್ಟು ಅಂತ ಗೊತ್ತಾಗ್ಬೇಕು

"ನಿಧಾನ" ಅನ್ನೋದನ್ನ ಕಿವಿಯಲ್ಲಿ ಅಳೆದ್ರೆ ಒಂದೊಂದು ಸಲ ಒಂದೊಂದು ಥರ ಅನ್ಸುತ್ತೆ. ಕ್ರ್ಯಾಂಕ್ ಪುಲ್ಲಿ ಮೇಲೆ ಚಾಕ್‌ನಲ್ಲಿ ಒಂದು ಗೆರೆ ಎಳೆದು, ಫೋನು ಎದುರಿಗೆ ನಿಲ್ಲಿಸಿ, ಸ್ಪಾರ್ಕ್ ಬರದ ಹಾಗೆ ಕಾಯಿಲ್ ವೈರ್ ಕಿತ್ತು 5 ಸೆಕೆಂಡ್ ಕ್ರ್ಯಾಂಕ್ ಮಾಡಿ (ಅಂದ್ರೆ ಸೆಲ್ಫ್‌ನಿಂದ ಎಂಜಿನ್ ತಿರುಗಿಸಿ), ವಿಡಿಯೋ ನಿಧಾನಕ್ಕೆ ಓಡಿಸಿ ಎಣಿಸಿದೆ. 9 ಸುತ್ತು. ಅಂದ್ರೆ 108 ಆರ್‌ಪಿಎಂ. ಇಂಥಾ ಎಂಜಿನ್‌ಗೆ ಸುಮಾರು 200 ಹತ್ರ ಬರ್ಬೇಕು, ಅರ್ಧಕ್ಕೆ ಅರ್ಧ ಕಮ್ಮಿ.

5 ಸೆಕೆಂಡೇ ಯಾಕೆ ಅಂದ್ರೆ ಎರಡು ಕಾರಣ. ಒಂದು, ಸೆಲ್ಫ್ ಮೋಟರ್ ಬಿಸಿ ಆಗ್ಬಾರ್ದು, 10-15 ಸೆಕೆಂಡಿಗಿಂತ ಜಾಸ್ತಿ ಒಂದೇ ಸಮ ಹೊಡೀಬಾರ್ದು, ಮಧ್ಯೆ ಒಂದೆರಡು ನಿಮಿಷ ಬಿಡ್ಬೇಕು. ಎರಡನೇದು ಇನ್ನೂ ಮುಖ್ಯ: ಕ್ಯಾಮೂ ಟ್ಯಾಪೆಟ್ಟೂ ಹೊಸದು. ಅದರ ಮೇಲೆ ಹಚ್ಚಿರೋ ಪೇಸ್ಟ್ ಸುಮ್ನೆ ಕ್ರ್ಯಾಂಕ್ ಮಾಡ್ತಾ ಇದ್ರೆ ಒರೆಸ್ಕೊಂಡು ಹೋಗುತ್ತೆ, ನಿಧಾನ ತಿರುಗೋವಾಗ ಅಲ್ಲಿಗೆ ಸಿಂಪಡಿಸೋ ಎಣ್ಣೆ ಸಾಲಲ್ಲ, ಕೊನೆಗೆ ಲೋಬ್ (ಕ್ಯಾಮಿನ ಉಬ್ಬು) ಸವೆಯುತ್ತೆ. ಇಂಥಾ ಕ್ಯಾಮ್ ಇರೋ ಎಂಜಿನ್ ಕೀ ಕೊಟ್ಟ ತಕ್ಷಣ ಹತ್ತಬೇಕು, ಹತ್ತಿದ ಕೂಡ್ಲೇ 2000-2500 ಆರ್‌ಪಿಎಂನಲ್ಲಿ 20 ನಿಮಿಷ ಓಡಬೇಕು. ಅದಕ್ಕೇ "ಹೊಡೀತಾ ಇರು ಗುರು, ಹತ್ತುತ್ತೆ, ಆಮೇಲೆ ಫ್ರೀ ಆಗುತ್ತೆ" ಅಂತ ಗೆಳೆಯ ಹೇಳಿದ್ದನ್ನ ಕೇಳ್ಲಿಲ್ಲ. ತಳ್ಳಿ ಸ್ಟಾರ್ಟ್ ಮಾಡೋಣ ಅಂದವರ ಮಾತೂ ಕೇಳ್ಲಿಲ್ಲ.

2. ಎಂಜಿನ್ ನಿಜವಾಗ್ಲೂ ಟೈಟಾ?

ಎಲ್ಲರೂ ಮೊದಲು ಹೇಳೋದು ಇದೇ. ಮೇನ್ ಬೇರಿಂಗ್ ಟೈಟ್ ಆಗಿದೆ, ಬೇರಿಂಗ್ ಕ್ಯಾಪ್ ಉಲ್ಟಾ ಕೂತಿದೆ, ರಿಂಗ್ ಗ್ಯಾಪ್ ಸಾಲ್ದು, ಇಳಿಸಿ ಬಿಚ್ಚಿ. ಕ್ಯಾಪ್ ಅದಲು ಬದಲಾದ್ರೆ ಕ್ರ್ಯಾಂಕ್ ಹಿಡ್ಕೊಳ್ಳೋದು ನಿಜಾನೇ, ಆದ್ರೆ ಬಿಚ್ಚೋಕೆ ಮುಂಚೆ ಅಳೆಯೋಕೆ ಐದು ನಿಮಿಷ ಸಾಕು.

ನಾಲ್ಕೂ ಪ್ಲಗ್ ತೆಗೆದು, ನ್ಯೂಟ್ರಲ್‌ನಲ್ಲಿಟ್ಟು, ಪುಲ್ಲಿ ಬೋಲ್ಟಿಗೆ ಟಾರ್ಕ್ ರೆಂಚ್ ಹಾಕಿ ತಿರುಗಿಸಿದೆ. ಅಲ್ಲಾಡೋಕೆ ಶುರು ಆಗೋವಾಗ 31 ನ್ಯೂಟನ್ ಮೀಟರ್, ತಿರುಗೋಕೆ ಶುರು ಆದ್ಮೇಲೆ 25ರ ಆಸುಪಾಸು. ಎರಡು ಸುತ್ತು ಪೂರ್ತಿ ತಿರುಗಿಸಿದೆ, ಮುಳ್ಳು ಎಲ್ಲೂ ಧಿಡೀರ್ ಅಂತ ಏರಲಿಲ್ಲ. ವಾಲ್ವ್ ಸ್ಪ್ರಿಂಗ್ ಒತ್ತೋ ಕಡೆ ಚೂರು ಏರುತ್ತೆ, ಇಳಿಯುತ್ತೆ, ಅಷ್ಟೇ.

ಈ ನಂಬರ್ ಒಂದನ್ನೇ ನೋಡಿದ್ರೆ ಒಳ್ಳೇದಾ ಕೆಟ್ಟದ್ದಾ ಅಂತ ಹೇಳೋದು ಕಷ್ಟ, ಆದ್ರೆ ಜೋಡಿಸೋವಾಗ ಬರ್ಕೊಂಡಿದ್ದು ಇತ್ತು. ಪಿಸ್ಟನ್ ಹಾಕೋಕೆ ಮುಂಚೆ ಕ್ರ್ಯಾಂಕ್ ಬೆರಳಲ್ಲಿ ತಿರುಗ್ತಿತ್ತು. ಆಮೇಲೆ ಒಂದೊಂದು ಪಿಸ್ಟನ್ ಸೇರಿಸಿದಾಗ್ಲೂ 4-5 ನ್ಯೂಟನ್ ಮೀಟರ್ ಏರಿತ್ತು, ನಾಲ್ಕಕ್ಕೂ ಒಂದೇ ಸಮ. ಹೊಸ ರಿಂಗ್ ಹೊಸ ಹೋನಿಂಗ್ (ಉಜ್ಜಿ ಸಿದ್ಧ ಮಾಡಿದ ಸಿಲಿಂಡರ್ ಗೋಡೆ) ಮೇಲೆ ಅಷ್ಟು ಹಿಡ್ಕೊಳ್ಳೋದು ಸಹಜ. ಒಂದು ಪಿಸ್ಟನ್‌ಗೆ ಮಾತ್ರ 15 ಏರಿದ್ರೆ ಆಗ ಅಲ್ಲೇ ನಿಲ್ಲಿಸ್ಬೇಕಿತ್ತು. ಎಂಜಿನ್ ಕಟ್ಟೋವ್ರು ಇದೊಂದು ಬರ್ಕೊಳ್ಳಿ ಮಾರಾಯ್ರೆ, ಪ್ರತಿ ಹಂತಕ್ಕೂ ರೆಂಚ್ ಹಾಕಿ ಒಂದು ಸಾಲು. ಇಲ್ಲಾಂದ್ರೆ ಕೊನೆಗೆ ಎಲ್ಲಾ ಒಟ್ಟಿಗೆ ತಿರುಗಿಸಿ "ಸ್ವಲ್ಪ ಬಿಗಿ ಅನ್ಸುತ್ತೆ" ಅಂತ ರಾತ್ರಿಯೆಲ್ಲಾ ಯೋಚ್ನೆ ಮಾಡ್ಬೇಕಾಗುತ್ತೆ.

ಪ್ಲಗ್ ತೆಗೆದಾಗ ಸಿಲಿಂಡರ್ ಒಳಗೆ ನೀರೋ ಪೆಟ್ರೋಲೋ ನಿಂತಿದ್ಯಾ ಅಂತಾನೂ ನೋಡಿದೆ, ಒಣಗಿತ್ತು. ಕ್ಲಚ್ ಒತ್ತಿ ಒಂದ್ಸಲ, ಬಿಟ್ಟು ಒಂದ್ಸಲ ಕ್ರ್ಯಾಂಕ್ ಮಾಡಿದೆ, ವ್ಯತ್ಯಾಸ ಇಲ್ಲ, ಅಲ್ಲಿಗೆ ಗೇರ್‌ಬಾಕ್ಸ್ ಎಳೀತಿದೆ ಅನ್ನೋ ಅನುಮಾನಾನೂ ಹೋಯ್ತು.

ಇನ್ನೊಂದು. ಪ್ಲಗ್ ಇಲ್ದೆ ಸೆಲ್ಫ್ ಹೊಡೆದ್ರೆ ಎಂಜಿನ್ ಗಿರ್ರಂತ ಚೆನ್ನಾಗೇ ತಿರುಗ್ತಿತ್ತು, ಆಯಿಲ್ ಪ್ರೆಶರ್ ಲೈಟ್ ಆರೋವರೆಗೂ ಹಂಗೇ ಮಾಡಿದ್ದು. ಅದನ್ನ ನೋಡಿ ಸೆಲ್ಫೂ ವೈರಿಂಗೂ ಸರಿ ಇದೆ ಅಂತ ಅಂದ್ಕೊಂಡ್ರೆ ಕೆಟ್ರಿ. ಕಂಪ್ರೆಶನ್ ಇಲ್ದಾಗ ಅದಕ್ಕೆ ಲೋಡೇ ಇಲ್ಲ, ಅರೆಜೀವ ಇರೋ ಸೆಲ್ಫೂ ತಿರುಗಿಸುತ್ತೆ.

3. ಬ್ಯಾಟರಿ

ರಾತ್ರಿ ಚಾರ್ಜಿಗೆ ಹಾಕಿ ತೆಗೆದು ಕೆಲವು ಗಂಟೆ ಬಿಟ್ಟು ನೋಡಿದ್ರೆ 12.65 ವೋಲ್ಟ್, ಅಂದ್ರೆ ಫುಲ್. ಕ್ರ್ಯಾಂಕ್ ಮಾಡೋವಾಗ ಬ್ಯಾಟರಿ ಪೋಸ್ಟ್ ಮೇಲೇನೇ ಪ್ರೋಬ್ ಒತ್ತಿ ಹಿಡಿದಾಗ 11.1. ಪೋಸ್ಟ್ ಮೇಲೆ, ಟರ್ಮಿನಲ್ ಕ್ಲ್ಯಾಂಪ್ ಮೇಲಲ್ಲ, ಇದು ಮುಂದೆ ಬೇಕಾಗುತ್ತೆ.

ಇಲ್ಲೇ ಉತ್ತರ ಅರ್ಧ ಸಿಕ್ಕಿತ್ತು. ಎಂಜಿನ್ ನಿಜವಾಗ್ಲೂ ಹಿಡ್ಕೊಂಡಿದ್ರೆ ಸೆಲ್ಫ್ ಜಾಸ್ತಿ ಕರೆಂಟ್ ಎಳೀಬೇಕು, ಬ್ಯಾಟರಿ 9.6ಕ್ಕೋ ಅದಕ್ಕೂ ಕೆಳಗೋ ಕುಸೀಬೇಕು. ಇಲ್ಲಿ ಬ್ಯಾಟರಿ ಆರಾಮಾಗಿ 11 ಮೇಲೆ ನಿಂತಿದೆ, ಎಂಜಿನ್ ಮಾತ್ರ ತಿರುಗ್ತಿಲ್ಲ. ಕ್ಲ್ಯಾಂಪ್ ಮೀಟರ್ ಹಾಕಿದ್ರೆ 120 ಆಂಪ್. ನಿಧಾನಾನೂ ಹೌದು ಕರೆಂಟೂ ಕಮ್ಮಿ ಅಂದ್ರೆ ಬ್ಯಾಟರಿಯಿಂದ ಸೆಲ್ಫ್‌ವರೆಗೆ ಹೋಗಿ ವಾಪಸ್ ಬರೋ ದಾರಿಯಲ್ಲಿ ಎಲ್ಲೋ ತಡೆ ಇದೆ. ನಿಧಾನ ಇದ್ದು ಕರೆಂಟ್ ಜಾಸ್ತಿ ಇದ್ರೆ ಎಂಜಿನ್ನೋ ಸೆಲ್ಫೋ ಹಿಡ್ಕೊಂಡಿದೆ. ಇಡೀ ಕೆಲ್ಸದಲ್ಲಿ ನನಗೆ ದಾರಿ ತೋರಿಸಿದ್ದು ಈ ಎರಡು ಸಾಲೇ.

ಬೇರೆ ಗಾಡಿಯ ದೊಡ್ಡ ಬ್ಯಾಟರಿ ತಂದು ಹಾಕೂ ನೋಡಿದೆ. ಒಂಚೂರು ಜೋರಾಯ್ತು ಅಷ್ಟೇ. ದೊಡ್ಡ ಬ್ಯಾಟರಿ ಹಾಕಿದ್ರೆ ತೊಂದ್ರೆ ಮುಚ್ಚಿಹೋಗುತ್ತೆ, ಹೋಗಲ್ಲ. ಎಂಜಿನ್ ಆಯಿಲ್ ದಪ್ಪ ಆಯ್ತೇನೋ ಅಂತ ತೆಳು ಗ್ರೇಡ್ ಹಾಕಿದ್ದೂ ಆಯ್ತು, ಅದರಿಂದ ಏನೂ ಆಗ್ಲಿಲ್ಲ, ಆಯಿಲ್ ದಂಡ.

4. ಅರ್ಥಿಂಗ್

ವೋಲ್ಟೇಜ್ ಡ್ರಾಪ್ ಟೆಸ್ಟ್ (ಕರೆಂಟ್ ಹರಿಯೋವಾಗ ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತೆ ಅಂತ ಅಳೆಯೋದು) ಮಾಡೋ ಹೊತ್ತಿಗೆ ಇನ್ನೊಂದು ವಿಚಿತ್ರ ಕಣ್ಣಿಗೆ ಬಿತ್ತು. ಕ್ರ್ಯಾಂಕ್ ಮಾಡಿ ನಿಲ್ಲಿಸಿ ಬಗ್ಗಿದಾಗ ಆಕ್ಸಿಲರೇಟರ್ ಕೇಬಲ್ ಹೊರಕವಚಕ್ಕೆ ಕೈ ತಾಗಿತು, ಬೆಚ್ಚಗಿತ್ತು. ಎಂಜಿನ್ ಇನ್ನೂ ಒಂದ್ಸಲಾನೂ ಓಡಿಲ್ಲ, ತಣ್ಣಗಿದೆ, ಕೇಬಲ್ ಮಾತ್ರ ಹೆಂಗೆ ಬೆಚ್ಚಗಾಯ್ತು? ಸೆಲ್ಫ್‌ನ ಕರೆಂಟ್ ವಾಪಸ್ ಹೋಗೋಕೆ ಸರಿಯಾದ ದಾರಿ ಇಲ್ದೆ ಆ ಕೇಬಲ್ ಮೂಲಕ ಹೋಗ್ತಿದೆ ಅಂತ. ಇಂಥದ್ದು ಕಂಡ್ರೆ ಅಲ್ಲೇ ನಿಲ್ಲಿಸಿ, ಮತ್ತೆ ಮತ್ತೆ ಹೊಡೆದ್ರೆ ಕೇಬಲ್ ಒಳಗಿನ ಪ್ಲಾಸ್ಟಿಕ್ ಕರಗಿ ಆಕ್ಸಿಲರೇಟರ್ ಸಿಕ್ಕಾಕೊಳ್ಳುತ್ತೆ.

ಅಳತೆ, ಎಲ್ಲಾ ಕ್ರ್ಯಾಂಕ್ ಮಾಡ್ತಾ ಇರೋವಾಗ್ಲೇ ತಗೊಂಡಿದ್ದು, ಒಬ್ರು ಕೀ ಹಿಡ್ಕೊಂಡು ಒಬ್ರು ಮೀಟರ್ ನೋಡ್ಬೇಕು:

ಬ್ಯಾಟರಿ ಪ್ಲಸ್ ಪೋಸ್ಟಿಂದ ಸೆಲ್ಫ್‌ನ ಬೋಲ್ಟ್‌ವರೆಗೆ 0.35 ವೋಲ್ಟ್. ಇಲ್ಲಿ 0.5 ಒಳಗಿದ್ರೆ ನಡೆಯುತ್ತೆ.
ಬ್ಯಾಟರಿ ಮೈನಸ್ ಪೋಸ್ಟಿಂದ ಸೆಲ್ಫ್ ಬಾಡಿವರೆಗೆ 1.9 ವೋಲ್ಟ್. ಇಲ್ಲಿ 0.2, ಹೆಚ್ಚು ಅಂದ್ರೆ 0.3 ಇರ್ಬೇಕು.

1.9 ನೋಡಿ ಪ್ರೋಬ್ ಸರಿಯಾಗಿ ಒತ್ತಿಲ್ವೇನೋ ಅಂತ ಮತ್ತೆ ನೋಡಿದೆ, ಅದೇ. ಆಮೇಲೆ ತುಂಡು ತುಂಡಾಗಿ ಅಳೆದೆ. ಮೈನಸ್ ಪೋಸ್ಟಿಂದ ಅದರ ಕ್ಲ್ಯಾಂಪ್‌ವರೆಗೆ 0.03. ಕ್ಲ್ಯಾಂಪಿಂದ ಗಾಡಿ ಬಾಡಿವರೆಗೆ 0.12. ಬಾಡಿಯಿಂದ ಬ್ಲಾಕ್‌ವರೆಗೆ 1.75. ಅಂದ್ರೆ ಬಾಡಿಗೂ ಎಂಜಿನ್‌ಗೂ ಮಧ್ಯೆ ಇರೋ ಅರ್ಥ್ ಪಟ್ಟಿ. 11.1ರಲ್ಲಿ 1.9 ಅಲ್ಲಿ ಹೋಯ್ತು, 0.35 ಇಲ್ಲಿ ಹೋಯ್ತು, ಸೆಲ್ಫ್‌ಗೆ ಸಿಕ್ಕಿದ್ದು 8.85 ವೋಲ್ಟ್.

ಇದನ್ನ ಓಮ್ ಮೋಡಲ್ಲಿ ಹುಡುಕೋಕೆ ಹೋಗ್ಬೇಡಿ. ಪಟ್ಟಿಯ ಎರಡು ತುದಿಗೆ ಪ್ರೋಬ್ ಇಟ್ರೆ ಮೀಟರ್ 0.3 ಓಮ್ ಅನ್ನುತ್ತೆ, ಎರಡು ಪ್ರೋಬ್ ಒಂದಕ್ಕೊಂದು ಮುಟ್ಟಿಸಿದ್ರೂ 0.3 ಅನ್ನುತ್ತೆ. 1.75 ವೋಲ್ಟನ್ನ 120 ಆಂಪಿಂದ ಭಾಗಿಸಿದ್ರೆ ಬರೋದು 0.015 ಓಮ್, ಅದು ಮಾಮೂಲಿ ಮೀಟರ್ ಕಣ್ಣಿಗೆ ಬೀಳಲ್ಲ. ಬಲ್ಬ್ ಹಾಕಿ ನೋಡಿದ್ರೂ ಚೆನ್ನಾಗೇ ಉರಿಯುತ್ತೆ. ಕರೆಂಟ್ ಜೋರಾಗಿ ಹರೀತಿರೋವಾಗ ಮಾತ್ರ ಇದರ ಬಣ್ಣ ಬಯಲಾಗೋದು.

ಖಾತ್ರಿ ಮಾಡ್ಕೊಳ್ಳೋಕೆ ಜಂಪರ್ ಕೇಬಲನ್ನ ಬ್ಯಾಟರಿ ಮೈನಸ್‌ನಿಂದ ನೇರ ಬ್ಲಾಕಿಗೆ ಕಚ್ಚಿಸಿದೆ. ಅಂಥಾ ವ್ಯತ್ಯಾಸ ಏನೂ ಕಾಣ್ಲಿಲ್ಲ. ಇಲ್ಲಿ ದಾರಿ ತಪ್ಪೋ ಹಾಗಾಗಿತ್ತು, ಅರ್ಥ್ ಅಲ್ಲ ಅಂತ ಕೈಬಿಡೋದರಲ್ಲಿದ್ದೆ. ಮೀಟರ್ ಇಟ್ಟು ನೋಡಿದ್ರೆ ಜಂಪರ್ ಇದ್ದಾಗ್ಲೂ ಇನ್ನೂ 1.3 ವೋಲ್ಟ್ ಬೀಳ್ತಿದೆ. ಕೇಬಲ್ ನೋಡೋಕೆ ಹೆಬ್ಬೆರಳಷ್ಟು ದಪ್ಪ, ತುದಿ ಕೊಯ್ದು ನೋಡಿದ್ರೆ ಮುಕ್ಕಾಲು ಪಾಲು ರಬ್ಬರ್ರು, ಒಳಗೆ ತಾಮ್ರ ಬಳಿದ ಅಲ್ಯೂಮಿನಿಯಂ ತೆಳು ಎಳೆಗಳು. 25 ಚದರ ಮಿ.ಮೀ. ಅಸಲಿ ತಾಮ್ರದ ಕೇಬಲ್ ತಂದು ಅದೇ ಕಡೆ ಕಚ್ಚಿಸಿದ್ಮೇಲೆ ಸ್ಪೀಡ್ ಎದ್ದು ಕಾಣೋ ಹಾಗೆ ಏರ್ತು.

ಪಟ್ಟಿ ಬಿಚ್ಚಿದೆ. ಬಾಡಿ ಕಡೆ ಹಳೇ ತುಕ್ಕು, ಅದು ಅಷ್ಟೇನೂ ಇಲ್ಲ. ಬೆಲ್‌ಹೌಸಿಂಗ್ ಕಡೆ ಬೋಲ್ಟ್ ಕೂರೋ ಜಾಗದಲ್ಲಿ ನುಣ್ಣಗೆ ಹೊಸ ಪೇಂಟು, ಅದರ ಮೇಲೆ ಪಟ್ಟಿಯ ಕಣ್ಣು. ಬೋಲ್ಟಿನ ಥ್ರೆಡ್ ಮೂಲಕ ಮಾತ್ರ ಕನೆಕ್ಷನ್ ಸಿಕ್ತಿತ್ತು, ಅಲ್ಲೂ ಥ್ರೆಡ್‌ಗೆ ಹಾಕೋ ಸೀಲೆಂಟ್ ಬಳಿದಿದ್ದು. ಪೇಂಟ್ ಕೆರೆದು ಲೋಹ ಹೊಳೆಯೋ ಹಾಗೆ ಮಾಡಿ, ಎರಡೂ ಕಡೆ ಹೊಸ ಕಣ್ಣು ಕ್ರಿಂಪ್ ಮಾಡಿದ 25 ಚದರ ಮಿ.ಮೀ. ಕೇಬಲ್ ಹಾಕಿ, ಹಲ್ಲಿರೋ ವಾಷರ್ ಕೊಟ್ಟು ಬಿಗಿದು, ಬಿಗಿದಾದ್ಮೇಲೆ ಹೊರಗಿಂದ ಗ್ರೀಸ್ ಹಚ್ಚಿದೆ. ಸೆಲ್ಫ್ ಮೋಟರ್ ಕೂರೋ ಫ್ಲ್ಯಾಂಜ್ ಮುಖಾನೂ ಕೆರೆದೆ, ಅದಕ್ಕೂ ಪೇಂಟ್ ಬಡಿದಿತ್ತು, ಸೆಲ್ಫ್‌ಗೆ ಬೇರೆ ಅರ್ಥ್ ವೈರ್ ಇಲ್ಲ, ಅದರ ಬಾಡಿನೇ ಅರ್ಥು.

ಈಗ ಮೈನಸ್ ಕಡೆ ಒಟ್ಟು 0.15 ವೋಲ್ಟ್. ಆಕ್ಸಿಲರೇಟರ್ ಕೇಬಲ್ ತಣ್ಣಗೆ.

5. ಆದ್ರೂ ಸರಿಹೋಗ್ಲಿಲ್ಲ

ಇಷ್ಟಾದ್ಮೇಲೆ ಎಣಿಸಿದ್ರೆ 5 ಸೆಕೆಂಡಿಗೆ 12 ಸುತ್ತು, 144 ಆರ್‌ಪಿಎಂ. ಮೊದಲಿಗಿಂತ ವಾಸಿ, ಸಾಲ್ದು. ಇಲ್ಲಿ ತುಂಬಾ ಜನ ಇಗ್ನಿಷನ್ ಕೊಟ್ಟು ಹೆಂಗೋ ಸ್ಟಾರ್ಟ್ ಮಾಡಿ ಬಿಟ್ಬಿಡ್ತಾರೆ, ಆಮೇಲೆ ಎಂಜಿನ್ ಬಿಸಿ ಆದಾಗ ನಡುರಸ್ತೆಯಲ್ಲಿ ನಿಲ್ಲುತ್ತೆ.

ಅಳತೆ ಮತ್ತೆ ಮಾಡಿದೆ, ಈಗ ಚಿತ್ರ ಪೂರ್ತಿ ಬೇರೆ. ಬ್ಯಾಟರಿ 10.3, ಕರೆಂಟ್ 185 ಆಂಪ್, ಪ್ಲಸ್ ಕಡೆ ಡ್ರಾಪ್ 0.54. ಸೆಲ್ಫ್‌ಗೆ 9.6 ವೋಲ್ಟ್ ಸಿಕ್ತಿದೆ, ಕರೆಂಟೂ ಬೇಕಾದಷ್ಟು ಎಳೀತಿದೆ, ತಿರುಗ್ತಿರೋದು ಮಾತ್ರ 144. ಮೊದಲು ನಿಧಾನ ಪ್ಲಸ್ ಕಮ್ಮಿ ಕರೆಂಟ್, ಈಗ ನಿಧಾನ ಪ್ಲಸ್ ಜಾಸ್ತಿ ಕರೆಂಟ್. ಅಂದ್ರೆ ಏನೋ ಹಿಡ್ಕೊಂಡಿದೆ. ಎಂಜಿನ್ 25 ನ್ಯೂಟನ್ ಮೀಟರ್‌ಗೆ ಸಲೀಸಾಗಿ ತಿರುಗ್ತಿದೆ ಅಂತ ಆಗ್ಲೇ ಬರ್ಕೊಂಡಾಗಿದೆ. ಉಳಿದಿದ್ದು ಸೆಲ್ಫೇ.

ಅದನ್ನ ಇಳಿಸೋಕೆ ಮುಂಚೆ ಟೈಮಿಂಗ್ ನೋಡಿ ಮುಗಿಸೋಣ ಅಂತ ಕಾಯಿಲ್ ವೈರ್ ವಾಪಸ್ ಹಾಕಿ ಒಂದೇ ಒಂದ್ಸಲ ಹೊಡೆದೆ. ಎರಡು ಸುತ್ತಿಗೆ ಒಂದು ಜೋರು ಒದೆ, ಸೆಲ್ಫ್ ಹಿಂದಕ್ಕೆ ತಳ್ಳಿದ ಹಾಗೆ ನಿಂತೇಹೋಯ್ತು. ಕಾಯಿಲ್ ವೈರ್ ತೆಗೆದಾಗ ಒದೆ ಇಲ್ಲ, ಹಾಕಿದಾಗ ಒದೆ ಇದೆ ಅಂದ್ರೆ ಸ್ಪಾರ್ಕ್ ತುಂಬಾ ಮುಂಚೆ ಬೀಳ್ತಿದೆ, ಪಿಸ್ಟನ್ ಇನ್ನೂ ಮೇಲೆ ಬರ್ತಿರೋವಾಗ್ಲೇ ಹತ್ಕೊಂಡು ವಾಪಸ್ ತಳ್ಳುತ್ತೆ. ಈ ಒದೆ ಬಿದ್ರೆ ಸೆಲ್ಫ್‌ನ ಮುಂದಿನ ಮೂತಿ ಬಿರುಕು ಬಿಡೋದೂ ಉಂಟು, ಹಂಗಾಗಿ ಮುಂದೆ ಹೊಡೀಲಿಲ್ಲ. ಪುಲ್ಲಿಯನ್ನ ಟಿಡಿಸಿಗೆ (ಪಿಸ್ಟನ್ ಪೂರ್ತಿ ಮೇಲೆ ಬರೋ ಜಾಗ) 10 ಡಿಗ್ರಿ ಮುಂಚೆ ನಿಲ್ಲಿಸಿ, ಪಾಯಿಂಟ್ ವೈರಿಗೂ ಅರ್ಥಿಗೂ ಮಧ್ಯೆ ಟೆಸ್ಟ್ ಲ್ಯಾಂಪ್ ಹಾಕಿ, ಇಗ್ನಿಷನ್ ಆನ್ ಇಟ್ಟು ಡಿಸ್ಟ್ರಿಬ್ಯೂಟರ್ ನಿಧಾನಕ್ಕೆ ತಿರುಗಿಸಿದೆ, ಪಾಯಿಂಟ್ ತೆರೆದ ಕ್ಷಣ ಬಲ್ಬ್ ಹತ್ತುತ್ತೆ, ಅಲ್ಲಿಗೆ ಬಿಗಿದೆ. ಮೊದಲು ಹೆಚ್ಚುಕಮ್ಮಿ 25 ಡಿಗ್ರಿ ಹತ್ರ ಇತ್ತು. ಒದೆ ಹೋಯ್ತು, 144 ಹಾಗೇ ಇದೆ.

6. ಸೆಲ್ಫ್ ಇಳಿಸಿದ್ದು

ಬ್ಯಾಟರಿ ಮೈನಸ್ ಮೊದಲು ಕಿತ್ತು ಆಮೇಲೆ ಸೆಲ್ಫ್ ಬಿಚ್ಚಬೇಕು, ಇಲ್ಲಾಂದ್ರೆ ಸ್ಪ್ಯಾನರ್ ಎಲ್ಲಾದ್ರೂ ತಾಗಿ ಕಿಡಿ ಹಾರುತ್ತೆ.

ವೈಸ್‌ಗೆ ಗಟ್ಟಿಯಾಗಿ ಕಚ್ಚಿಸಿ (ಶುರು ಆಗೋವಾಗ ಜೋರಾಗಿ ಹೊರಳುತ್ತೆ, ಕೈಯಲ್ಲಿ ಹಿಡೀಬೇಡಿ) ಲೋಡ್ ಇಲ್ದೆ ಓಡಿಸಿದ್ರೆ 95 ಆಂಪ್ ಎಳೀತು, ಜೊತೆಗೆ ಕರ್ರ್ ಅಂತ ಉಜ್ಜೋ ಸದ್ದು. ಇಂಥಾ ಮೋಟರ್ ಸುಮ್ನೆ ಓಡೋಕೆ 50-60 ಸಾಕು. ಬಿಚ್ಚಿದ್ಮೇಲೆ ಕಾರಣ ಕಣ್ಣೆದುರಿಗೇ ಇತ್ತು. ಹಿಂದಿನ ಬುಶ್ (ಶಾಫ್ಟ್ ಕೂರೋ ಬಳೆ) ಒಂದು ಕಡೆ ಸವೆದು ಮೊಟ್ಟೆ ಆಕಾರ ಆಗಿದೆ, ಶಾಫ್ಟ್ ಕೈಯಲ್ಲಿ ಅಲ್ಲಾಡಿಸಿದ್ರೆ ಲಟಲಟ ಅನ್ನುತ್ತೆ, ಆರ್ಮೇಚರ್ (ಒಳಗೆ ತಿರುಗೋ ಭಾಗ) ಮೇಲೆ ಒಂದು ಪಟ್ಟಿಯುದ್ದಕ್ಕೂ ಹೊಳಪು, ಅದರ ಸುತ್ತ ಕೂತಿರೋ ಫೀಲ್ಡ್ ಪೋಲ್ ಮೇಲೆ ಅದಕ್ಕೆ ಸರಿಯಾಗಿ ಉಜ್ಜಿದ ಗುರುತು. ಲೋಡ್ ಬಿದ್ದಾಗ ಆರ್ಮೇಚರ್ ಒಂದು ಕಡೆ ಎಳೆದು ಪೋಲ್‌ಗೆ ಒರೆಸ್ತಾ ತಿರುಗ್ತಿತ್ತು, ಗಾಡಿ ಬ್ರೇಕ್ ಹಾಕ್ಕೊಂಡೇ ಆಕ್ಸಿಲರೇಟರ್ ಒತ್ತಿದ ಹಾಗೆ.

ಎಂಜಿನ್ ಕೆಲ್ಸಕ್ಕೆ ಮುಂಚೆ ಇದೇ ಸೆಲ್ಫ್ ಸರಿಯಾಗೇ ಎಳೀತಿತ್ತಲ್ಲ ಅಂತ ಕೇಳ್ಬಹುದು. ಆಗ ರಿಂಗ್ ಸವೆದು ಕಂಪ್ರೆಶನ್ ಅರ್ಧಕ್ಕೆ ಬಂದಿತ್ತು, ಮುದಿ ಎಂಜಿನ್‌ಗೆ ಮುದಿ ಸೆಲ್ಫ್ ಸಾಕಾಗ್ತಿತ್ತು. ಈಗ ಹೊಸ ರಿಂಗು, ಹೆಡ್ ಬೇರೆ ಸ್ವಲ್ಪ ಕೊಯ್ಸಿದೀವಿ, ಅದರ ಕೈಲಾಗ್ತಿಲ್ಲ. ನನ್ನ ಪ್ರಕಾರ ಎಂಜಿನ್ ಕಟ್ಟೋ ಪಟ್ಟಿಯಲ್ಲಿ ಸೆಲ್ಫ್ ಬುಶ್ಶೂ ಬ್ರಶ್ಶೂ ಗ್ಯಾಸ್ಕೆಟ್ ಸೆಟ್ ಜೊತೆಗೇ ಬರೀಬೇಕು. ಒಳಗಿರೋ ಒಂದೊಂದು ಸರ್ಕ್ಲಿಪ್ಪೂ ಹೊಸದು ಹಾಕಿ, ಅದನ್ನೆಲ್ಲ ತಿರುಗಿಸ್ಬೇಕಾದ ಮೋಟರಿಗೆ ಬರೀ ಬಣ್ಣ ಹೊಡೆಯೋದು ಯಾವ ನ್ಯಾಯ.

ಮಾಡಿದ್ದು: ಮುಂದೆ ಹಿಂದೆ ಎರಡೂ ಕಡೆ ಹೊಸ ಸಿಂಟರ್ಡ್ ಕಂಚಿನ ಬುಶ್. ಇವು ಎಣ್ಣೆ ಹೀರ್ಕೊಳ್ಳೋ ಥರದ್ದು, ಹಾಕೋಕೆ ಮುಂಚೆ ಒಂದು ರಾತ್ರಿ ತೆಳು ಎಂಜಿನ್ ಆಯಿಲ್‌ನಲ್ಲಿ ಮುಳುಗಿಸಿಟ್ಟೆ, ಗ್ರೀಸ್ ಹಚ್ಚೋದಲ್ಲ. ಹಳೇ ಬುಶ್ ಹಿಂದಿನ ಕಡೆ ಮುಚ್ಚಿದ ಗುಂಡಿಯೊಳಗೆ ಕೂತಿರೋದ್ರಿಂದ ಹೊಡೆದು ಈಚೆ ತೆಗೆಯೋಕಾಗಲ್ಲ, ಒಳಗೆ ಗ್ರೀಸ್ ತುಂಬಿ, ಅದೇ ಸೈಜಿನ ರಾಡ್ ಇಟ್ಟು ಸುತ್ತಿಗೆಯಲ್ಲಿ ಹೊಡೆದೆ, ಗ್ರೀಸ್ ಒತ್ತಡಕ್ಕೆ ಬುಶ್ ತಾನಾಗೇ ಮೇಲೆ ಬಂತು. ಮೊದಲನೇ ಏಟಿಗೆ ಗ್ರೀಸ್ ಮುಖಕ್ಕೆ ಹಾರುತ್ತೆ, ರಾಡ್‌ಗೆ ಬಟ್ಟೆ ಸುತ್ಕೊಳ್ಳಿ. ಕಾರ್ಬನ್ ಬ್ರಶ್ ಉದ್ದ ಚೆನ್ನಾಗೇ ಇತ್ತು, ಬಿಚ್ಚಿದ್ದಕ್ಕೆ ಬದಲಾಯಿಸಿದೆ. ಕಮ್ಯುಟೇಟರನ್ನ (ಬ್ರಶ್ ತಾಗೋ ತಾಮ್ರದ ಭಾಗ) ನುಣುಪು ಸ್ಯಾಂಡ್‌ಪೇಪರ್‌ನಲ್ಲಿ ಒರೆಸಿದ್ದು, ಎಮರಿ ಬಟ್ಟೆ ಮುಟ್ಟಿಸ್ಬೇಡಿ. ಸೊಲೆನಾಯ್ಡ್ (ಸೆಲ್ಫ್‌ಗೆ ಕರೆಂಟ್ ಬಿಡೋ ಸ್ವಿಚ್) ಒಳಗಿನ ತಾಮ್ರದ ಬಿಲ್ಲೆ ಒಂದು ಮುಖ ಸುಟ್ಟು ಗುಳಿ ಬಿದ್ದಿತ್ತು, ಮಗುಚಿ ಹಾಕಿದೆ, ಇನ್ನೊಂದು ಮುಖ ಹೊಸದರಂಗಿದೆ.

ಟೇಬಲ್ ಮೇಲೆ ಈಗ 52 ಆಂಪ್, ಉಜ್ಜೋ ಸದ್ದಿಲ್ಲ.

7. ವಾಪಸ್ ಹಾಕಿದ್ಮೇಲೆ

ಪ್ಲಸ್ ಕೇಬಲ್ ಎರಡೂ ತುದಿ ಉಜ್ಜಿ ಬಿಗಿದೆ. ಕಾಯಿಲ್ ವೈರ್ ಕಿತ್ತು 5 ಸೆಕೆಂಡ್: 18 ಸುತ್ತು, 216 ಆರ್‌ಪಿಎಂ. ಬ್ಯಾಟರಿ 10.85, ಕರೆಂಟ್ 140, ಪ್ಲಸ್ ಕಡೆ 0.35, ಮೈನಸ್ ಕಡೆ 0.11. ಕಂಪ್ರೆಶನ್ ಹತ್ರ ನಿಲ್ಲೋ ಚಾಳಿ ಹೋಗಿದೆ, ಒಂದೇ ಸಮ ತಿರುಗುತ್ತೆ.

ಕಾರ್ಬುರೇಟರ್ ಬೌಲಿಗೆ ಪೆಟ್ರೋಲ್ ತುಂಬಿಸಿ, ಕಾಯಿಲ್ ವೈರ್ ಹಾಕಿ ಕೀ ಕೊಟ್ರೆ ಎರಡನೇ ಸುತ್ತಿಗೋ ಮೂರನೇ ಸುತ್ತಿಗೋ ಹತ್ಕೊಳ್ತು. ಐಡ್ಲಿಂಗ್‌ಗೆ ಬಿಡ್ದೆ ನೇರ 2000ಕ್ಕೆ ಏರಿಸಿ, ಮೇಲೆ ಕೆಳಗೆ ಮಾಡ್ತಾ 20 ನಿಮಿಷ. ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ಇತ್ತು, ಆಯಿಲ್ ಲೈಟ್ ಹತ್ತಲಿಲ್ಲ. ನಿಲ್ಲಿಸಿ ಆಯಿಲೂ ಫಿಲ್ಟರೂ ಬದಲಾಯಿಸಿದೆ.

ಬಿಸಿಯಲ್ಲಿ ಹೆಂಗೆ ಅನ್ನೋದೇ ಬಾಕಿ ಇದ್ದ ಪರೀಕ್ಷೆ, ಯಾಕಂದ್ರೆ ಸೆಲ್ಫ್ ಎಕ್ಸಾಸ್ಟ್ ಪಕ್ಕದಲ್ಲೇ ಕೂತಿದೆ, ಬಿಸಿ ಆದಾಗ ವೈಂಡಿಂಗ್ ತಡೆ ಜಾಸ್ತಿ ಆಗುತ್ತೆ, ತಣ್ಣಗಿದ್ದಾಗ ಸರಿ ಇದ್ದ ಸೆಲ್ಫ್ ಆಗ ಕೈ ಕೊಡುತ್ತೆ. ಒಂದು ಒಳ್ಳೇ ರೌಂಡ್ ಓಡಿಸಿ ತಂದು ನಿಲ್ಲಿಸಿ, ಬಾನೆಟ್ ಮುಚ್ಚಿ 15 ನಿಮಿಷ ಬಿಟ್ಟು ಎಣಿಸಿದೆ: 17 ಸುತ್ತು, 204. ಸಾಕು.

ಬಾಕಿ ಉಳಿದಿರೋದು: ಎಕ್ಸಾಸ್ಟ್‌ಗೂ ಸೆಲ್ಫ್‌ಗೂ ಮಧ್ಯೆ ಇದ್ದ ತಗಡಿನ ಶೀಲ್ಡ್ ತುಕ್ಕು ತಿಂದು ಹೋಗಿದೆ, ಹೊಸದು ಕತ್ತರಿಸಿ ಹಾಕ್ಬೇಕು. ಟ್ಯಾಪೆಟ್ ಕವರ್ ಹಿಂದಿನ ಮೂಲೆಯಲ್ಲಿ ಎಣ್ಣೆ ಒಸರ್ತಿದೆ, ಅದನ್ನ ಹೇಗೂ ಟ್ಯಾಪೆಟ್ ಗ್ಯಾಪ್ ಮತ್ತೆ ನೋಡೋಕೆ ತೆಗೀಬೇಕಲ್ಲ, ಆಗ ಗ್ಯಾಸ್ಕೆಟ್ ಬದಲಾಯಿಸ್ತೀನಿ.